ಹೊರಗಿನವರಿಗೆ ಟಿಕೆಟ್ ಸಿಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಅದುವರೆಗೆ ಒಂದು ಚುನಾವಣೆಯನ್ನೂ ಗೆಲ್ಲದ ಉದ್ಯಮಿಯೊಬ್ಬರು ದೊಡ್ಡ ಪಕ್ಷವೊಂದರ ಅಧ್ಯಕ್ಷೀಯ ಅಭ್ಯರ್ಥಿಯಾದರು, ಅಧ್ಯಕ್ಷರೂ ಆದರು. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ವರ್ಷಗಟ್ಟಲೆ ಬಾವುಟ ಕಟ್ಟಿದವರಿಗೂ ವಿಧಾನಸಭೆಯ ಟಿಕೆಟ್ ಸಿಗುವುದಿಲ್ಲ. ಹೊರಗಿನವರು ಪಕ್ಷದ ಟಿಕೆಟ್ ಗಿಟ್ಟಿಸುವುದು ನಿಜಕ್ಕೂ ಸಾಧ್ಯವೇ?
– ಓದುಗರೊಬ್ಬರು, ಬಿ.ಸಿ. ರೋಡ್

ಉತ್ತರ: ಸಾಧ್ಯ. ಅಮೆರಿಕದಲ್ಲೂ ಸಾಧ್ಯ, ಬಿ.ಸಿ. ರೋಡಿನಲ್ಲೂ ಸಾಧ್ಯ. ಆದರೆ ದಾರಿ ಬೇರೆ ಬೇರೆ. ಅಲ್ಲಿ ಹೊರಗಿನವರು ಒಲಿಸಿಕೊಳ್ಳಬೇಕಾದ್ದು ಲಕ್ಷಾಂತರ ಮತದಾರರನ್ನು. ಇಲ್ಲಿ ಒಲಿಸಿಕೊಳ್ಳಬೇಕಾದ್ದು ಒಂದು ಸಹಿಯನ್ನು. ಟಿಕೆಟ್ ಯಾರಿಗೆಂದು ತೀರ್ಮಾನಿಸುವವರು ಎಷ್ಟು ಮಂದಿ ಎಂಬುದು ಗೊತ್ತಾದರೆ ಹೊರಗಿನವರ ಅದೃಷ್ಟ ಎಷ್ಟೆಂಬುದೂ ಹೆಚ್ಚುಕಡಿಮೆ ಗೊತ್ತಾದ ಹಾಗೆ.

ಮೊದಲು ನೀವು ಹೇಳಿದ ಅಮೆರಿಕವನ್ನೇ ನೋಡೋಣ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಕಣದಲ್ಲಿ ಹೆಸರುವಾಸಿ ಆಕಾಂಕ್ಷಿಗಳೇ 17 ಮಂದಿ ಇದ್ದರು. ಹಾಲಿ ಮತ್ತು ಮಾಜಿ ಗವರ್ನರ್‌ಗಳು, ಸೆನೆಟರ್‌ಗಳು, ಮಾಜಿ ಅಧ್ಯಕ್ಷರ ಮಗ, ಎಲ್ಲರೂ ಇದ್ದರು. ಪಕ್ಷದ ಹಿರಿಯರಿಗೆ ಡೊನಾಲ್ಡ್ ಟ್ರಂಪ್ ಬೇಡವಾಗಿದ್ದರು. ಆದರೆ ಬೇಡ ಎನ್ನುವ ಅಧಿಕಾರ ಆ ಹಿರಿಯರ ಕೈಯಲ್ಲಿ ಇರಲಿಲ್ಲ. ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರೈಮರಿಯಲ್ಲಿ ಸಾಮಾನ್ಯ ಮತದಾರರೇ ಸರದಿಯಲ್ಲಿ ನಿಂತು ಅಭ್ಯರ್ಥಿಯನ್ನು ಆರಿಸುತ್ತಾರೆ. ಕೆಲವು ರಾಜ್ಯಗಳಲ್ಲಂತೂ ಪಕ್ಷದ ಸದಸ್ಯರಲ್ಲದವರೂ ಮತ ಹಾಕಬಹುದು. ಉಳಿದವರೆಲ್ಲ ಒಬ್ಬರ ಮತವನ್ನೊಬ್ಬರು ಕಸಿದುಕೊಳ್ಳುತ್ತಿದ್ದಾಗ ಟ್ರಂಪ್ ಅರ್ಧಕ್ಕಿಂತ ಕಡಿಮೆ ಮತ ಪಡೆದೂ ಮುಂದೆ ಹೋದರು.

ಈ ಪದ್ಧತಿ ಅಲ್ಲೂ ಮೊದಲಿನಿಂದ ಇದ್ದದ್ದಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ನಿಲ್ಲದೆ, ಪಕ್ಷದ ಮುಖಂಡರ ಬೆಂಬಲದಿಂದಲೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದರಿಂದ ಎದ್ದ ಗಲಾಟೆಯ ಫಲವಾಗಿ ನಿಯಮಗಳು ಬದಲಾದವು, ಆಯ್ಕೆಯ ಹಕ್ಕು ಮುಖಂಡರಿಂದ ಮತದಾರರಿಗೆ ಬಂತು. 1976ರಲ್ಲಿ ದೇಶಕ್ಕೆ ಅಷ್ಟಾಗಿ ಪರಿಚಯವಿಲ್ಲದ ಜಿಮ್ಮಿ ಕಾರ್ಟರ್ ಅದೇ ದಾರಿಯಲ್ಲಿ ಬಂದು ಗೆದ್ದರು. ಹಾಗೆಂದು ಬಾಗಿಲು ತೆರೆದಿದ್ದರೆ ಸಾಕು, ಹೊರಗಿನವರು ಗೆದ್ದೇ ಗೆಲ್ಲುತ್ತಾರೆ ಎಂದೂ ಅಲ್ಲ. ಸ್ವತಂತ್ರ ಸೆನೆಟರ್ ಬರ್ನಿ ಸ್ಯಾಂಡರ್ಸ್ 2016 ಮತ್ತು 2020ರಲ್ಲಿ ಎರಡು ಸಲ ಡೆಮಾಕ್ರಟಿಕ್ ಬಾಗಿಲು ತಟ್ಟಿದರು. ಒಮ್ಮೆ ಹಿಲರಿ ಕ್ಲಿಂಟನ್, ಇನ್ನೊಮ್ಮೆ ಜೋ ಬೈಡನ್ ಎದುರು ಸೋತರು. ಮುಖಂಡರೇ ಆರಿಸುತ್ತಿದ್ದ ಹಳೆಯ ಕಾಲದಲ್ಲೂ ಅಪವಾದಗಳಿದ್ದವು. 1939ರವರೆಗೆ ಡೆಮಾಕ್ರಟಿಕ್ ಪಕ್ಷದಲ್ಲಿದ್ದ ಉದ್ಯಮಿ ವೆಂಡೆಲ್ ವಿಲ್ಕಿ ಮರುವರ್ಷವೇ ರಿಪಬ್ಲಿಕನ್ ಸಮಾವೇಶದ ಆರನೇ ಸುತ್ತಿನ ಮತದಾನದಲ್ಲಿ ಅಭ್ಯರ್ಥಿಯಾದರು.

ಈಗ ನಮ್ಮಲ್ಲಿಗೆ ಬರೋಣ. ನಮ್ಮ ಕಾನೂನಿನಲ್ಲಿ ‘ಹೊರಗಿನವರು’ ಎಂಬ ಲೆಕ್ಕವೇ ಇಲ್ಲ. ಕರ್ನಾಟಕದ ಯಾವುದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, 25 ವರ್ಷ ತುಂಬಿದ್ದರೆ ಬಂಟ್ವಾಳದ ಸಾಮಾನ್ಯ ಕ್ಷೇತ್ರದಲ್ಲಿ ನಿಲ್ಲಬಹುದು. ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಇಷ್ಟೇ ವ್ಯತ್ಯಾಸ.

ಅಸಲಿ ವ್ಯತ್ಯಾಸ ಇರುವುದು ಬಿ ಫಾರಂನಲ್ಲಿ. ನಾಮಪತ್ರದ ಜತೆ ಚುನಾವಣಾಧಿಕಾರಿಯ ಮೇಜಿಗೆ ಬರುವ ಈ ಕಾಗದದಲ್ಲಿ ‘ಇವರು ನಮ್ಮ ಪಕ್ಷದ ಅಭ್ಯರ್ಥಿ’ ಎಂಬ ಒಕ್ಕಣೆ ಇರುತ್ತದೆ. ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದನ್ನು ಪಕ್ಷ ಎ ಫಾರಂನಲ್ಲಿ ಮೊದಲೇ ತಿಳಿಸಿರಬೇಕು. ಸಹಿ ಶಾಯಿಯಲ್ಲೇ ಇರಬೇಕು. ರಬ್ಬರ್ ಸ್ಟಾಂಪಿನ ಸಹಿ ನಡೆಯುವುದಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಕಾಗದ ಕೈಸೇರಬೇಕು. ಒಬ್ಬರ ನಾಮಪತ್ರ ತಿರಸ್ಕೃತವಾದರೆ ಇರಲಿ ಎಂದು ಬದಲಿ ಅಭ್ಯರ್ಥಿಯ ಹೆಸರಿಗೂ ಅದರಲ್ಲಿ ಜಾಗವಿದೆ. ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಮತದಾರರಿದ್ದರೂ ಈ ಕಾಗದ ಸಿದ್ಧವಾಗುವಾಗ ಅವರಲ್ಲಿ ಒಬ್ಬರನ್ನೂ ಕೇಳಬೇಕೆಂದಿಲ್ಲ. ಹೆಸರು ದೆಹಲಿಯ ಕೇಂದ್ರ ಚುನಾವಣಾ ಸಮಿತಿಯಲ್ಲಿ ಅಂತಿಮಗೊಳ್ಳುತ್ತದೆ, ಸಹಿ ಬೆಂಗಳೂರಿನಲ್ಲಿ ಬೀಳುತ್ತದೆ. ನಮ್ಮ ಕಾರ್ಯಕರ್ತರಿಗೆ ಗೊತ್ತಾಗುವುದು ಟಿ.ವಿ.ಯಲ್ಲಿ ಪಟ್ಟಿ ಬಂದ ಮೇಲೆ.

ಹಾಗಾದರೆ ಈ ಸಹಿ ಹೊರಗಿನವರಿಗೆ ಸಿಕ್ಕಿದ್ದುಂಟೇ? ಧಾರಾಳವಾಗಿ. ಮೊದಲು ಊರಿನ ಲೆಕ್ಕದಲ್ಲಿ ಹೊರಗಿನವರನ್ನು ನೋಡಿ. ಈ ವಿಷಯದಲ್ಲಿ ನಾವು ತಕರಾರು ತೆಗೆಯುವ ಹಾಗೆಯೇ ಇಲ್ಲ, ಏಕೆಂದರೆ ನಮ್ಮ ಜಿಲ್ಲೆ ಹೊರಗಿನವರನ್ನು ತಂದದ್ದಕ್ಕಿಂತ ಕಳಿಸಿದ್ದೇ ಹೆಚ್ಚು. ಮೂಡುಬಿದಿರೆಯಲ್ಲಿ ಹುಟ್ಟಿದ ವೀರಪ್ಪ ಮೊಯಿಲಿ ಕಾರ್ಕಳದಿಂದ ಶಾಸಕರಾಗಿ, ಮುಖ್ಯಮಂತ್ರಿಯಾಗಿ, ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ ಸೋತು, ಕೊನೆಗೆ ದೂರದ ಚಿಕ್ಕಬಳ್ಳಾಪುರಕ್ಕೆ ಹೋಗಿ 2009 ಮತ್ತು 2014ರಲ್ಲಿ ಗೆದ್ದರು. ಸುಳ್ಯ ತಾಲೂಕಿನ ಡಿ.ವಿ. ಸದಾನಂದ ಗೌಡರು ಪುತ್ತೂರು, ಮಂಗಳೂರು, ಉಡುಪಿ-ಚಿಕ್ಕಮಗಳೂರು, ಬೆಂಗಳೂರು ಉತ್ತರ ಎಂದು ಕ್ಷೇತ್ರ ಬದಲಿಸುತ್ತಲೇ ಗೆದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದರು. ಪಕ್ಷಕ್ಕೆ ಬೇಕಾದವರಿಗೆ ಊರು ಅಡ್ಡಿಯಾಗುವುದಿಲ್ಲ.

ನಮ್ಮ ತಾಲೂಕುಗಳಿಗೆ ಬಂದವರ ಕಥೆ ಇಷ್ಟು ಸಲೀಸಾಗಿಲ್ಲ. 2023ರಲ್ಲಿ ಬೆಳ್ತಂಗಡಿಯ ಕಾಂಗ್ರೆಸ್ ಟಿಕೆಟ್ ರಕ್ಷಿತ್ ಶಿವರಾಂ ಅವರಿಗೆ ಸಿಕ್ಕಿತು. ಬೆಂಗಳೂರಿನ ನಂಟಿನ, ಹಿರಿಯ ಮುಖಂಡ ಬಿ.ಕೆ. ಹರಿಪ್ರಸಾದ್ ಅವರ ಮನೆತನದ ಯುವಕ ಅವರು. ಹಾಲಿ ಶಾಸಕ ಹರೀಶ್ ಪೂಂಜ ಎದುರು ಸುಮಾರು 18 ಸಾವಿರ ಮತಗಳಿಂದ ಸೋತರು. ಮೂಡುಬಿದಿರೆಯಲ್ಲಿ ನಾಲ್ಕು ಸಲ ಗೆದ್ದಿದ್ದ ಅಭಯಚಂದ್ರ ಜೈನ್ ಅವರ ಜಾಗಕ್ಕೆ ಬಂದ ಮಿಥುನ್ ರೈ ಕೂಡ ಉಮಾನಾಥ ಕೋಟ್ಯಾನ್ ಎದುರು 22 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2019ರಲ್ಲಿ ಇಡೀ ಜಿಲ್ಲೆಗೆ ಲೋಕಸಭಾ ಅಭ್ಯರ್ಥಿಯಾಗಿದ್ದವರು ಮಿಥುನ್ ರೈ. ಟಿಕೆಟ್ ಸಿಗುವುದೇ ಬೇರೆ, ಮತ ಬೀಳುವುದೇ ಬೇರೆ.

ಇನ್ನು ಪಕ್ಷದ ಲೆಕ್ಕದಲ್ಲಿ ಹೊರಗಿನವರು. ಇಲ್ಲಿ ಬೆಳ್ತಂಗಡಿಯ ಕೆ. ವಸಂತ ಬಂಗೇರರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1983ರಲ್ಲಿ ಬಿಜೆಪಿಯಿಂದ ಗೆದ್ದರು. 1985ರಲ್ಲಿ ರಾಜ್ಯದಲ್ಲಿ ಆ ಪಕ್ಷ ಗೆದ್ದದ್ದೇ ಎರಡು ಸ್ಥಾನ. ಒಂದು ಶಿಕಾರಿಪುರದಲ್ಲಿ ಯಡಿಯೂರಪ್ಪನವರದು, ಇನ್ನೊಂದು ಬೆಳ್ತಂಗಡಿಯಲ್ಲಿ ಬಂಗೇರರದು. 1994ರಲ್ಲಿ ಜನತಾ ದಳದಿಂದ ಗೆದ್ದರು. 2008 ಮತ್ತು 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ನಡುವೆ 1999 ಮತ್ತು 2004ರಲ್ಲಿ ಅವರ ಸಹೋದರ ಪ್ರಭಾಕರ ಬಂಗೇರ ಬಿಜೆಪಿಯ ಶಾಸಕರಾಗಿದ್ದರು. ಮೂರು ಪಕ್ಷಗಳು ತಮ್ಮ ಸ್ವಂತ ಕಾರ್ಯಕರ್ತರ ಸರದಿಯನ್ನು ಪಕ್ಕಕ್ಕಿಟ್ಟು ಒಬ್ಬರಿಗೇ ಬಿ ಫಾರಂ ಕೊಟ್ಟವು. ಕಾರಣ ಸರಳ. ಬಂಗೇರರು ಎಲ್ಲಿಗೆ ಹೋದರೂ ಅವರ ಮತ ಅವರ ಹಿಂದೆಯೇ ಹೋಗುತ್ತಿತ್ತು. ತಾಲೂಕು ಕಚೇರಿಯಲ್ಲಿ ಜನರ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡುವವರು ಎಂಬ ಹೆಸರು ಅವರಿಗೆ ಯಾವ ಪಕ್ಷದ ಬಾವುಟಕ್ಕಿಂತಲೂ ದೊಡ್ಡದಾಗಿತ್ತು.

ಬಂಟ್ವಾಳದ ಕಥೆ ಇದಕ್ಕೆ ತದ್ವಿರುದ್ಧ. 1985ರಿಂದ 2023ರವರೆಗಿನ ಎಲ್ಲ ಒಂಬತ್ತು ಚುನಾವಣೆಗಳಲ್ಲೂ ಕಾಂಗ್ರೆಸ್ ಟಿಕೆಟ್ ಬಿ. ರಮಾನಾಥ ರೈ ಒಬ್ಬರಿಗೇ. ಅದರಲ್ಲಿ ಆರು ಸಲ ಗೆದ್ದರು. 2004, 2018 ಮತ್ತು 2023ರಲ್ಲಿ ಸೋತರು. ಈ 38 ವರ್ಷಗಳಲ್ಲಿ ಬಂಟ್ವಾಳದಲ್ಲಿ ಕಾಂಗ್ರೆಸ್ ಸೇರಿದ ಹುಡುಗನೊಬ್ಬ ಮುದುಕನಾಗುವವರೆಗೂ ಸರದಿಯಲ್ಲಿ ನಿಂತಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ಬಾವುಟ ಕಟ್ಟುವವರ ಸಂಕಟ ಇದೇ. ಎದುರಾಳಿ ಪಕ್ಷದಲ್ಲಿ ಮಾತ್ರ ಬೇರೆ ಲೆಕ್ಕ ನಡೆಯಿತು. ಒಡ್ಡೂರಿನ ಕೃಷಿಕ ರಾಜೇಶ್ ನಾಯ್ಕ್ ಅವರಿಗೆ 2013ರಲ್ಲಿ ಬಿಜೆಪಿ ಟಿಕೆಟ್ ಕೊಟ್ಟಿತು, ಸೋತರು. ಸೋತರೂ 2018ರಲ್ಲಿ ಮತ್ತೆ ಕೊಟ್ಟಿತು, ಗೆದ್ದರು. ಮೂಡುಬಿದಿರೆಯ ಉಮಾನಾಥ ಕೋಟ್ಯಾನ್ ಅವರದೂ 2013ರಲ್ಲಿ ಸೋಲು, 2018ರಲ್ಲಿ ಗೆಲುವು. ಹೊಸಬರಿಗೆ ಮೊದಲ ಟಿಕೆಟ್ ಸಿಗುವುದು ಎಷ್ಟು ಕಷ್ಟವೋ ಸೋತ ಮೇಲೆ ಎರಡನೆಯ ಟಿಕೆಟ್ ಸಿಗುವುದು ಅದಕ್ಕಿಂತ ಕಷ್ಟ. ಅದು ಸಿಕ್ಕಿದ ದಿನ ಹೊರಗಿನವರು ಒಳಗಿನವರಾದರು ಎಂದು ತಿಳಿಯಬೇಕು.

ಜಾತಿಯ ಲೆಕ್ಕವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಬಿಲ್ಲವರು, ಬಂಟರು, ಗೌಡರು ಎಂಬ ಲೆಕ್ಕವಿಲ್ಲದೆ ನಮ್ಮ ಜಿಲ್ಲೆಯಲ್ಲಿ ಯಾವ ಪಟ್ಟಿಯೂ ಹೊರಡುವುದಿಲ್ಲ. ಆದರೆ ಅದೇ ಎಲ್ಲವೂ ಅಲ್ಲ. ಜನಸಂಖ್ಯೆಯಲ್ಲಿ ತೀರಾ ಸಣ್ಣದಾದ ಜೈನ ಸಮುದಾಯದ ಅಭಯಚಂದ್ರ ಜೈನ್ ಮೂಡುಬಿದಿರೆಯಲ್ಲಿ ನಾಲ್ಕು ಸಲ ಶಾಸಕರಾದರು. ಅದೇ ಸಮುದಾಯದ, ಬೆಳ್ತಂಗಡಿ ತಾಲೂಕಿನ ವೇಣೂರಿನ ವಿ. ಧನಂಜಯ ಕುಮಾರ್ 1991ರಿಂದ 1999ರವರೆಗೆ ಮಂಗಳೂರು ಲೋಕಸಭಾ ಕ್ಷೇತ್ರವನ್ನು ನಾಲ್ಕು ಸಲ ಗೆದ್ದರು. ಟಿಕೆಟ್ ಕೊಡುವವರಿಗೆ ಧೈರ್ಯವಿದ್ದರೆ ಮತದಾರರು ಜಾತಿ ದಾಟುತ್ತಾರೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಮೆರಿಕದ ಪ್ರೈಮರಿ ನಮ್ಮ ಜಿಲ್ಲೆಗೂ ಒಮ್ಮೆ ಬಂದಿತ್ತು ಎಂಬುದು ಅನೇಕರಿಗೆ ಮರೆತೇ ಹೋಗಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿ ಅವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಹದಿನೈದು-ಹದಿನಾರು ಕ್ಷೇತ್ರಗಳನ್ನು ಆರಿಸಿಕೊಂಡು, ಅಲ್ಲಿ ಅಭ್ಯರ್ಥಿಯನ್ನು ಆಂತರಿಕ ಮತದಾನದಿಂದಲೇ ಆರಿಸುವುದೆಂದು ತೀರ್ಮಾನಿಸಿತು. ಕರ್ನಾಟಕದಲ್ಲಿ ಆ ಪ್ರಯೋಗ ನಡೆದದ್ದು ಎರಡೇ ಕಡೆ: ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ಇಲ್ಲಿ ಗೆದ್ದವರು ಯಾರು? ಬಂಟ್ವಾಳದ ಬಿ. ಜನಾರ್ದನ ಪೂಜಾರಿ. 1977ರಲ್ಲಿ ಮೊದಲ ಸಲ ಸಂಸದರಾದವರು, ಕೇಂದ್ರದಲ್ಲಿ ಹಣಕಾಸು ರಾಜ್ಯ ಸಚಿವರಾಗಿ ಸಾಲಮೇಳ ನಡೆಸಿ ದೇಶಕ್ಕೇ ಪರಿಚಿತರಾದವರು, 2014ರ ಹೊತ್ತಿಗೆ ಎಪ್ಪತ್ತೈದು ದಾಟಿದ್ದವರು. ಪಕ್ಷದೊಳಗೆ ಅವರಿಗಿಂತ ಒಳಗಿನವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಹೊಸಬರಿಗೆ ಬಾಗಿಲು ತೆರೆಯಬೇಕಿದ್ದ ಪದ್ಧತಿಯಲ್ಲಿ ಹಳಬರೇ ಗೆದ್ದದ್ದು ಹೇಗೆ? ಮತ ಹಾಕಿದವರನ್ನು ನೋಡಿದರೆ ಉತ್ತರ ಸಿಗುತ್ತದೆ. ಅಮೆರಿಕದಂತೆ ಇಲ್ಲಿ ಸಾಮಾನ್ಯ ಮತದಾರರಿಗೆ ಚೀಟಿ ಕೊಡಲಿಲ್ಲ. ಬ್ಲಾಕ್ ಮತ್ತು ಜಿಲ್ಲಾ ಸಮಿತಿಯ ಪದಾಧಿಕಾರಿಗಳು, ಯುವ ಕಾಂಗ್ರೆಸ್‌ನವರು, ಪಕ್ಷದ ಚುನಾಯಿತ ಪ್ರತಿನಿಧಿಗಳು, ಹೀಗೆ ಆಯ್ದ ಕೆಲವರಿಗಷ್ಟೇ ಮತದ ಹಕ್ಕು. ಒಳಗಿನವರು ಮತ ಹಾಕಿದರೆ ಒಳಗಿನವರೇ ಗೆಲ್ಲುತ್ತಾರೆ. ಇದರಲ್ಲಿ ಪೂಜಾರಿಯವರದೇನೂ ತಪ್ಪಿಲ್ಲ. ಆದರೆ ಆ ಕೆಲವರ ಮನಸ್ಸು ಬೇರೆ, ಜಿಲ್ಲೆಯ ಮನಸ್ಸು ಬೇರೆಯಾಗಿತ್ತು. ಚುನಾವಣೆಯಲ್ಲಿ ನಳಿನ್ ಕುಮಾರ್ ಕಟೀಲ್ ಎದುರು ಪೂಜಾರಿ 1,43,709 ಮತಗಳಿಂದ ಸೋತರು. ಬೆಂಗಳೂರು ಉತ್ತರದಲ್ಲಿ ಪ್ರೈಮರಿ ಗೆದ್ದ ಸಿ. ನಾರಾಯಣಸ್ವಾಮಿ ಕೂಡ ಸೋತರು. ಪ್ರಯೋಗ ಅಲ್ಲಿಗೇ ನಿಂತಿತು.

ಆಮೇಲೆ ಬಂದ ಪದ್ಧತಿಗಳೂ ಇದರ ತಮ್ಮಂದಿರೇ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿ ಕರೆಯಿತು: ಅರ್ಜಿಗೆ 5 ಸಾವಿರ, ಜತೆಗೆ ಸಾಮಾನ್ಯ ವರ್ಗದವರಿಗೆ 2 ಲಕ್ಷ, ಪರಿಶಿಷ್ಟರಿಗೆ 1 ಲಕ್ಷ ರೂಪಾಯಿಯ ಡಿ.ಡಿ. ಬಿಜೆಪಿ ಮಾರ್ಚ್ ಕೊನೆಯಲ್ಲಿ ಪದಾಧಿಕಾರಿಗಳನ್ನು ಸೇರಿಸಿ ಚೀಟಿಯಲ್ಲಿ ಹೆಸರು ಬರೆಸಿಕೊಂಡಿತು. ಎರಡೂ ಕಡೆ ಅಭಿಪ್ರಾಯ ಕೇಳಿದ್ದು ನಿಜ. ತೀರ್ಮಾನ ಮಾತ್ರ ಎಂದಿನಂತೆ ಮೇಲಿನಿಂದಲೇ ಬಂತು.

ಆ ತೀರ್ಮಾನ ಜನರ ಮನಸ್ಸಿನಿಂದ ದೂರವಾದರೆ ಏನಾಗುತ್ತದೆ ಎಂಬುದನ್ನು ಬಂಟ್ವಾಳ ತಾಲೂಕಿನವರು ಕಣ್ಣಾರೆ ಕಂಡಿದ್ದಾರೆ. ವಿಟ್ಲ ಇರುವುದು ಬಂಟ್ವಾಳ ತಾಲೂಕಿನಲ್ಲಿ, ಅಲ್ಲಿಯವರು ಮತ ಹಾಕುವುದು ಪುತ್ತೂರು ಕ್ಷೇತ್ರಕ್ಕೆ. 2023ರಲ್ಲಿ ಅಲ್ಲಿ ಬಿಜೆಪಿ ಹಾಲಿ ಶಾಸಕ ಸಂಜೀವ ಮಠಂದೂರು ಅವರನ್ನು ಕೈಬಿಟ್ಟು ಜಿಲ್ಲಾ ಪಂಚಾಯತ್ ಮಾಜಿ ಅಧ್ಯಕ್ಷೆ ಆಶಾ ತಿಮ್ಮಪ್ಪ ಗೌಡರಿಗೆ ಟಿಕೆಟ್ ಕೊಟ್ಟಿತು. ಕಾರ್ಯಕರ್ತರ ದೊಡ್ಡ ಗುಂಪು ಬಯಸಿದ್ದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಎಣಿಕೆಯ ದಿನ ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಅವರಿಗೆ 66,607, ಪುತ್ತಿಲರಿಗೆ 62,458, ಬಿಜೆಪಿಯ ಅಧಿಕೃತ ಅಭ್ಯರ್ಥಿಗೆ 37,558 ಮತ. ಬಿ ಫಾರಂ ಇದ್ದವರಿಗಿಂತ ಇಲ್ಲದವರಿಗೆ ಸುಮಾರು 25 ಸಾವಿರ ಮತ ಹೆಚ್ಚು! ಗೆದ್ದ ಅಶೋಕ್ ರೈ ಕೂಡ ಚುನಾವಣೆಗೆ ಕೆಲವೇ ತಿಂಗಳ ಮೊದಲು ಬಿಜೆಪಿ ಕಡೆಯಿಂದ ಕಾಂಗ್ರೆಸ್‌ಗೆ ಬಂದವರು. ಅಂದರೆ ಅಲ್ಲಿ ಮೊದಲೆರಡು ಸ್ಥಾನಗಳೂ ಒಂದಲ್ಲ ಒಂದು ಬಗೆಯ ಹೊರಗಿನವರಿಗೇ ಹೋದವು. ಮರುವರ್ಷ ಲೋಕಸಭಾ ಚುನಾವಣೆಗೆ ಮುನ್ನ ಪುತ್ತಿಲರನ್ನು ಬಿಜೆಪಿ ಕರೆದು ಸೇರಿಸಿಕೊಂಡಿತು.

ಪುತ್ತೂರಿಗೆ ಇದು ಹೊಸದಲ್ಲ. ಶಕುಂತಳಾ ಶೆಟ್ಟಿ 2004ರಲ್ಲಿ ಬಿಜೆಪಿ ಶಾಸಕಿಯಾದರು. 2008ರಲ್ಲಿ ಟಿಕೆಟ್ ತಪ್ಪಿ ಪಕ್ಷೇತರರಾಗಿ ನಿಂತು ಸೋತರು. 2013ರಲ್ಲಿ ಅದೇ ಕ್ಷೇತ್ರದಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಬಂಗೇರ, ಶಕುಂತಳಾ ಶೆಟ್ಟಿ, ಪುತ್ತಿಲ ಮೂವರ ಕಥೆಯ ನೀತಿ ಒಂದೇ: ನಮ್ಮಲ್ಲಿ ಹೊರಗಿನವರಿಗೆ ಟಿಕೆಟ್ ಸಿಗಬೇಕಾದರೆ ತನ್ನ ಹಿಂದೆ ಮತವಿದೆ ಎಂದು ಮೊದಲೇ ತೋರಿಸಬೇಕು. ಅಮೆರಿಕದಲ್ಲಿ ಆ ಪರೀಕ್ಷೆ ಪ್ರೈಮರಿಯಲ್ಲೇ ನಡೆದುಹೋಗುತ್ತದೆ. ಇಲ್ಲಿ ಬಂಡಾಯ ಎದ್ದು, ಠೇವಣಿ ಕಟ್ಟಿ, ಒಂದು ಚುನಾವಣೆ ಸೋತು ಸ್ವಂತ ಖರ್ಚಿನಲ್ಲಿ ಬರೆಯಬೇಕು.

ಇನ್ನೊಂದು ದಾರಿಯೂ ಇದೆ. ಮೇಲಿನವರಿಗೇ ಹೊಸ ಮುಖ ಬೇಕಾದಾಗ ಬಾಗಿಲು ಒಳಗಿನಿಂದಲೇ ತೆರೆಯುತ್ತದೆ. 2009ರಲ್ಲಿ ಶಾಸಕರೂ ಆಗಿರದ ನಳಿನ್ ಕುಮಾರ್ ಕಟೀಲರಿಗೆ ದಕ್ಷಿಣ ಕನ್ನಡದ ಲೋಕಸಭಾ ಟಿಕೆಟ್ ಸಿಕ್ಕಿದ್ದು ಹೀಗೆ. 2024ರಲ್ಲಿ ಮೂರು ಸಲ ಗೆದ್ದ ಅದೇ ನಳಿನ್ ಅವರನ್ನು ಬದಲಿಸಿ, ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಬ್ರಿಜೇಶ್ ಚೌಟರಿಗೆ ಕೊಟ್ಟದ್ದೂ ಹೀಗೆ. ಚೌಟ ಸುಮಾರು ಒಂದೂವರೆ ಲಕ್ಷ ಮತಗಳಿಂದ ಗೆದ್ದರು. ಜನರಿಗೆ ಇವರು ಹೊಸಬರು ನಿಜ, ಸಂಘಟನೆಗೆ ಹೊಸಬರಲ್ಲ. ನಳಿನ್ ಸಂಘದ ಪ್ರಚಾರಕರಾಗಿದ್ದವರು, ಚೌಟ ಪಕ್ಷದ ಕೆಲಸದಲ್ಲಿ ಇದ್ದವರು.

ನಿಮ್ಮ ಪ್ರಶ್ನೆಯಲ್ಲಿ ಅಧ್ಯಕ್ಷ ಪದವಿಯ ಮಾತಿರುವುದರಿಂದ ನಮ್ಮ ರಾಷ್ಟ್ರಪತಿ ಚುನಾವಣೆಯದೂ ಒಂದು ಪ್ರಸಂಗ ಹೇಳಬೇಕು. ಅದು ನಡೆದದ್ದು ಬೆಂಗಳೂರಿನಲ್ಲೇ. 1969ರ ಜುಲೈ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕೆಂದು ಪಕ್ಷದ ಸಂಸದೀಯ ಮಂಡಳಿ ಮತಕ್ಕೆ ಹಾಕಿದಾಗ ನೀಲಂ ಸಂಜೀವ ರೆಡ್ಡಿಯವರ ಪರ ನಾಲ್ಕು, ವಿರುದ್ಧ ಎರಡು. ರೆಡ್ಡಿ ಬೇಡವೆಂದಿದ್ದ ಪ್ರಧಾನಿಯ ಮಾತೇ ಬಿದ್ದುಹೋಯಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದ, ಅದಕ್ಕೂ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದು ಇಂದಿರಾ ಕರೆ ಕೊಟ್ಟರು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೆಯ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು. ಆರು ಮಂದಿ ಮಾಡಿದ ಆಯ್ಕೆಯನ್ನು ದೇಶದ ಶಾಸಕರು, ಸಂಸದರು ಒಪ್ಪಲಿಲ್ಲ ಎಂಬುದಷ್ಟೇ ಇದರ ಸಾರ. ಪುತ್ತೂರಿನ ಲೆಕ್ಕವೂ ಬೇರೆಯಲ್ಲ. ಮೇಲಿನವರೇ ಮನಸ್ಸು ಮಾಡಿ ಪೂರ್ತಿ ಹೊರಗಿನವರನ್ನು ತಂದದ್ದೂ ಉಂಟು. 2002ರಲ್ಲಿ ಯಾವ ಪಕ್ಷಕ್ಕೂ ಸೇರದ ವಿಜ್ಞಾನಿ ಎ.ಪಿ.ಜೆ. ಅಬ್ದುಲ್ ಕಲಾಂ ಆಡಳಿತ ಪಕ್ಷಗಳ ಅಭ್ಯರ್ಥಿಯಾಗಿ, ಪ್ರತಿಪಕ್ಷದ ಬಹುಪಾಲಿನ ಬೆಂಬಲವನ್ನೂ ಪಡೆದು ಗೆದ್ದರು. ಚುನಾವಣೆಯೇ ಇಲ್ಲದ ಬಾಗಿಲು ಬೆಳ್ತಂಗಡಿ ತಾಲೂಕಿನವರಿಗೆ ಗೊತ್ತೇ ಇದೆ: ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ರಾಷ್ಟ್ರಪತಿಗಳ ನಾಮನಿರ್ದೇಶನದಿಂದ ರಾಜ್ಯಸಭೆಗೆ ಹೋದರು.

ಹಾಗಾದರೆ ಅಮೆರಿಕದ ಪದ್ಧತಿಯೇ ಒಳ್ಳೆಯದೇ? ಅಷ್ಟು ಸುಲಭವಾಗಿ ಹೇಳಲಾರೆ. ಬಾಗಿಲು ಅಗಲವಾದಷ್ಟೂ ದುಡ್ಡಿದ್ದವರು, ಪರದೆಯ ಮೇಲೆ ಮಿಂಚುವವರು ಮುಂದೆ ನುಗ್ಗುತ್ತಾರೆ. ಕಾರ್ಯಕರ್ತನ ದುಡಿಮೆಗೆ ಅಲ್ಲಿಯೂ ಬೆಲೆ ಸಿಗುತ್ತದೆಂಬ ಖಾತ್ರಿ ಇಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಪ್ರೈಮರಿಯಲ್ಲಿ ಸೋತವರಿಗೆ ತಾವು ಎಷ್ಟು ಮತದಿಂದ ಸೋತೆವು ಎಂದು ಗೊತ್ತಿರುತ್ತದೆ. ಬಿ.ಸಿ. ರೋಡಿನಲ್ಲಿ ಟಿಕೆಟ್ ತಪ್ಪಿದವರಿಗೆ ಕಾರಣವೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ಜಾತಿ, ದುಡ್ಡು, ಚಾಡಿ ಎಂದು ನೂರು ಮಾತು ಹುಟ್ಟುತ್ತವೆ. ಬಂಡಾಯ ಹುಟ್ಟುವುದೂ ಅಲ್ಲಿಂದಲೇ.

ಆದ್ದರಿಂದ ಮುಂದಿನ ಚುನಾವಣೆಯ ಹೊತ್ತಿಗೆ ನಿಮ್ಮ ಕ್ಷೇತ್ರದ ಅಭ್ಯರ್ಥಿ ಊರಿನವರೋ ಪರವೂರಿನವರೋ ಎಂದು ಕೇಳುವ ಮೊದಲು, ಅವರನ್ನು ಆರಿಸಿದವರು ಎಷ್ಟು ಮಂದಿ, ಯಾರು ಯಾರು, ಯಾವ ಲೆಕ್ಕದ ಮೇಲೆ ಆರಿಸಿದರು ಎಂದು ನಿಮ್ಮ ಪಕ್ಷದ ಬ್ಲಾಕ್ ಅಧ್ಯಕ್ಷರನ್ನೋ ಮಂಡಲ ಅಧ್ಯಕ್ಷರನ್ನೋ ಕೇಳಿ ನೋಡಿ. ಅವರಿಗೂ ಗೊತ್ತಿಲ್ಲವೆಂದಾದರೆ, ಆ ಪಕ್ಷದಲ್ಲಿ ಅವರೂ ನಿಮ್ಮ ಹಾಗೆ ಹೊರಗಿನವರೇ.